ಆಬಾಸಾಹೇಬರ ತಂದೆಗೆ ಮೀಸೆ ಬಂದದ್ದು

ಕಬ್ಬೂರಿನ ಆಬಾಸಾಹೇಬ ಮಗದುಮ್ಮರ ಪಡಸಾಲೆಯ ಗೋಡೆಯಲ್ಲಿ ಒಂದು ಮೊಳೆಯಿತ್ತು. ಮೊಳೆ ಇದ್ದದ್ದು ದೊಡ್ಡ ಸಂಗತಿಯಲ್ಲ. ಅದಕ್ಕೆ ಏನನ್ನೂ ತೂಗುಹಾಕಿರಲಿಲ್ಲ ಎಂಬುದೇ ಸಂಗತಿ. ಎಡಕ್ಕೆ ತೀರ್ಥಂಕರರ ಪಟ, ಬಲಕ್ಕೆ ಬೀಜದ ಅಂಗಡಿಯವರು ಕೊಟ್ಟ ಕ್ಯಾಲೆಂಡರು, ನಡುವೆ ಬರೀ ಮೊಳೆ. ಆ ಸೀಮೆಯಲ್ಲಿ ಕನ್ಯೆ ನೋಡಲು ಬಂದವರು ಮೊದಲು ಕನ್ಯೆಯನ್ನು ನೋಡುವುದಿಲ್ಲ, ಗೋಡೆಯನ್ನು ನೋಡುತ್ತಾರೆ. ಹಾರ ಹಾಕಿಸಿಕೊಂಡು ಮೇಲೆ ಕೂತ ಹಿರಿಯರು ಎಷ್ಟು ಜನ, ಅವರ ರುಮಾಲು ಎಂಥದು, ಕೋಟಿಗೆ ಗುಂಡಿಗಳು ಪೂರ್ತಿ ಇವೆಯೋ ಇಲ್ಲವೋ ಎಂಬುದರ ಮೇಲೆ ಮನೆತನದ ಅಂದಾಜು ನಡೆಯುತ್ತದೆ. ಆಬಾಸಾಹೇಬರ ಮಗಳು ರೂಪಾಲಿಯನ್ನು ನೋಡಲು ಬಂದ ಎರಡು ಕಡೆಯವರೂ ಮೊಳೆಯನ್ನು ನೋಡಿ, "ತಂದಿಯವರ ಫೋಟೋ ಇಲ್ಲೇನ್ರಿ?" ಎಂದು ಕೇಳಿ, ಚಹಾ ಕುಡಿದು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ.

ಫೋಟೋ ಇಲ್ಲವೆಂದೇನಲ್ಲ, ಒಂದು ಇತ್ತು. ಎಪ್ಪತ್ತೇಳರಲ್ಲಿ ಆಬಾಸಾಹೇಬರ ಮದುವೆಯಲ್ಲಿ ತೆಗೆದದ್ದು. ಎಲ್ಲರೂ ಉಸಿರು ಹಿಡಿದು ಸಾಲಾಗಿ ನಿಂತಿದ್ದಾಗ ಒಂದು ಎಮ್ಮೆ ಹಂದರದೊಳಗೆ ನುಗ್ಗಿ ಮಾವಿನ ತೋರಣಕ್ಕೆ ಬಾಯಿ ಹಾಕಿತು. ತಂದೆ ಪಾಯಪ್ಪನವರು ತಿರುಗಿ ಬಡಿಗೆ ಎತ್ತಿದರು. ಫೋಟೋದವನು ಅದೇ ಗಳಿಗೆಗೆ ಗುಂಡಿ ಒತ್ತಿದ. ಹೀಗಾಗಿ ಪಾಯಪ್ಪನವರ ರುಮಾಲಿನ ಹಿಂಭಾಗ, ಬೆನ್ನು ಮತ್ತು ಬಡಿಗೆ ಇವಿಷ್ಟೂ ಬಹಳ ಸ್ಪಷ್ಟವಾಗಿ ಮೂಡಿದವು. ಎಮ್ಮೆಯ ಮುಖ ಇನ್ನೂ ಸ್ಪಷ್ಟವಾಗಿತ್ತು. ಇಂಥದ್ದನ್ನು ಕನ್ಯೆ ನೋಡಲು ಬಂದ ಪಾವಣ್ಯಾರ ಎದುರು ಹೇಗೆ ತೂಗುಹಾಕುವುದು?

ಆಬಾಸಾಹೇಬರ ಹೆಂಡತಿ ಲಕ್ಷ್ಮಿಬಾಯಿಯವರ ವಿಚಾರ ಬೇರೆಯಿತ್ತು. ಎರಡೂ ಸೋಯರಿಕೆ ತಪ್ಪಿದ್ದು ಮೊಳೆಯಿಂದಲ್ಲ, ಗಂಡನ ಬಾಯಿಯಿಂದ ಎಂದು ಅವರು ಖಚಿತವಾಗಿ ನಂಬಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಬಾಸಾಹೇಬರು ಚಿಕ್ಕೋಡಿಯ ಒಂದು ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕಗಳ ಧೂಳು ಒರೆಸಿ ನಿವೃತ್ತರಾದವರು. ಅಲ್ಲಿ ಹಳೆಯ ಕಾಗದವನ್ನೆಲ್ಲ ರದ್ದಿಗೆ ಹಾಕುವಾಗ, 'ಹುಳಿಮಜ್ಜಿಗೆ' ಎಂಬ ನಿಂತುಹೋದ ನಗೆಪತ್ರಿಕೆಯ ಒಂದು ಗಂಟನ್ನು ಕೇಳಿ ಮನೆಗೆ ತಂದುಕೊಂಡಿದ್ದರು. ಅದರ ವ್ಯಂಗ್ಯಚಿತ್ರಗಳೆಂದರೆ ಅವರಿಗೆ ಪ್ರಾಣ. ಒಂದರಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗ ಡಬ್ಬಿ ಹಿಡಿದು ಸೀಮೆಎಣ್ಣೆಯ ಪಾಳಿಯಲ್ಲಿ ನಿಂತಿದ್ದಾನೆ, ಹಿಂದೆ ಪುರೋಹಿತರು ಮಂತ್ರ ಹೇಳುತ್ತಿದ್ದಾರೆ. ಇನ್ನೊಂದರಲ್ಲಿ ಗಂಡಹೆಂಡತಿ ಸೇರಿ ರೇಡಿಯೋವನ್ನು ತೊಟ್ಟಿಲಲ್ಲಿ ಮಲಗಿಸಿ ಜೋಗುಳ ಹಾಡುತ್ತಿದ್ದಾರೆ, ಬಾಗಿಲಲ್ಲಿ ಲೈಸನ್ಸ್ ತಪಾಸಣೆಯವನು ನಿಂತಿದ್ದಾನೆ.

ಇವನ್ನು ನೋಡಿ ಈಗಿನವರು ಯಾರೂ ನಗುತ್ತಿರಲಿಲ್ಲ. "ರೇಡಿಯೋಕ್ಕ ಲೈಸನ್ಸ್ ಯಾಕಪ್ಪಾ?" ಎಂದು ರೂಪಾಲಿಯೇ ಕೇಳಿದ್ದಳು. ಆಬಾಸಾಹೇಬರು ಆಗಿನ ಕಾಯದೆ, ಪೋಸ್ಟ್ ಆಫೀಸು, ತಪಾಸಣೆಯವರ ಸೈಕಲ್ಲು ಎಲ್ಲವನ್ನೂ ಅರ್ಧ ತಾಸು ವಿವರಿಸಿ, ಕೊನೆಗೆ ತಾವೊಬ್ಬರೇ ನಕ್ಕಿದ್ದರು. ಕನ್ಯೆ ನೋಡಲು ಬಂದವರಿಗೂ ಅವರು ಇದನ್ನು ಬಿಟ್ಟಿರಲಿಲ್ಲ. ಎರಡನೆಯವರಾಗಿ ಬಂದ ರಾಯಬಾಗದವರಲ್ಲಿ ಇಬ್ಬರು ಕೂತಲ್ಲೇ ನಿದ್ದೆ ಹೋಗಿದ್ದರು.

ಎರಡು ಸಾವಿರದ ಹನ್ನೊಂದರ ಮಾರ್ಚಿನಲ್ಲಿ ಅಥಣಿಯಿಂದ ಸುದ್ದಿ ಬಂತು. ಹುಡುಗನ ಹೆಸರು ಸುಜಯ. ರೂಪಾಲಿಯ ಹಾಗೆ ಅವನೂ ಪ್ರಾಥಮಿಕ ಶಾಲೆಯ ಮಾಸ್ತರ. ತರಬೇತಿಯಲ್ಲಿ ಹತ್ತು ದಿನ ಒಂದೇ ಬೆಂಚಿನ ಆಚೆ ಈಚೆ ಕೂತು, ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡು, ಹಿರಿಯರೇ ಮುಂದೆ ಬರಲಿ ಎಂದು ಮನೆಗಳಲ್ಲಿ ಮೆಲ್ಲಗೆ ಮಾತು ಹಾಕಿದ್ದರು. ಇದು ತಪ್ಪಿದರೆ ತಾನು ಇನ್ನು ಯಾರ ಮುಂದೆಯೂ ಚಹಾದ ತಟ್ಟೆ ಹಿಡಿದು ಬರುವುದಿಲ್ಲ ಎಂದು ರೂಪಾಲಿ ತಾಯಿಗೆ ಹೇಳಿಬಿಟ್ಟಳು. ಅವಳು ಸುಮ್ಮನೆ ಹೇಳುವ ಹುಡುಗಿಯಲ್ಲ.

"ಈ ಸಲ ಆ ಪುಸ್ತಕದ ಮಾತ ತಗದ್ರಿ ಅಂದ್ರ ನಾ ತವರಿಗೆ ಹೊಂಟೆ," ಎಂದರು ಲಕ್ಷ್ಮಿಬಾಯಿ.

"ನಿನ್ನ ತವರಾಗ ಈಗ ಯಾರ ಅದಾರ?"

"ಯಾರೂ ಇಲ್ಲ. ಖಾಲಿ ಮನ್ಯಾಗ ಸುಮ್ಮನ ಕುಂದರ್ತೇನಿ. ಭಾಳ ದಿವಸದ ಆಸೆ ಅದು."

ಆಬಾಸಾಹೇಬರು ಬಾಯಿ ಮುಚ್ಚಲು ಒಪ್ಪಿದರು. ಆದರೆ ಮೊಳೆಯನ್ನು ಖಾಲಿ ಬಿಡಲು ಅವರ ಮನಸ್ಸು ಒಪ್ಪಲಿಲ್ಲ. ಪುಟ ತಿರುವುತ್ತಿದ್ದಾಗ ಎಪ್ಪತ್ತನಾಲ್ಕರ ಸಂಚಿಕೆಯಲ್ಲಿ ಇಡೀ ಪುಟದ ಒಂದು ಚಿತ್ರ ಕಣ್ಣಿಗೆ ಬಿತ್ತು. ದೊಡ್ಡ ತಲೆ, ಸಣ್ಣ ದೇಹ. ತಲೆಗೆ ಭಾರಿ ರುಮಾಲು, ಗಲ್ಲ ದಾಟಿದ ಮೀಸೆ, ಎಡಹುಬ್ಬಿನ ಮೇಲೆ ಒಂದು ನರೂಲಿ. ಮುಖವನ್ನಂತೂ ಪೆನ್ಸಿಲ್ಲಿನಲ್ಲಿ ತಿದ್ದಿ ತೀಡಿ ಜೀವ ಬರುವಂತೆ ಬರೆದಿದ್ದರು. ಕೆಳಗಿನ ಸಣ್ಣ ದೇಹ ಸಕ್ಕರೆ ಚೀಲಗಳ ರಾಶಿಯ ಮೇಲೆ ಕೂತು, ತಕ್ಕಡಿಯ ಮೇಲೆ ಹೆಬ್ಬೆರಳು ಊರಿ, "ಸಕ್ಕರೆಯೇ? ನಿನ್ನೆಯೇ ಮುಗಿಯಿತಲ್ಲ!" ಎನ್ನುತ್ತಿತ್ತು. ಮೂಗು ಮಾತ್ರ ಹೆಚ್ಚುಕಡಿಮೆ ಆಬಾಸಾಹೇಬರದೇ. ಹೇಗೂ ಚಿತ್ರದ ಜನ ಹುಟ್ಟಿದವರಲ್ಲ, ಪೆನ್ಸಿಲ್ಲಿನಿಂದ ಬಂದವರು. ಒಬ್ಬನನ್ನು ಎರವಲು ತಂದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡು, ಕತ್ತರಿ ತೆಗೆದು ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಚಿಕ್ಕೋಡಿ ಬಸ್ಸು ಹತ್ತಿದರು.

ಚಿಕ್ಕೋಡಿಯಲ್ಲಿ ಕಾಡಸಿದ್ದನ ಸ್ಟುಡಿಯೋ ಇದೆ. ತೀರಿಕೊಂಡವರ ತಲೆಯೊಂದನ್ನು ತಂದುಕೊಟ್ಟರೆ ಸಾಕು, ಉಳಿದದ್ದೆಲ್ಲ ಅವನ ಕಂಪ್ಯೂಟರಿನಲ್ಲಿ ತಯಾರಿರುತ್ತದೆ. ತಾಲೂಕಿನ ಅರ್ಧ ಹಿರಿಯರು ಸ್ವರ್ಗದಲ್ಲಿ ತೊಟ್ಟಿರುವುದು ಅವನ ಅಂಗಡಿಯ ಒಂದೇ ಕರಿ ಕೋಟು.

"ಯಾವಾಗ ತೀರ್ಕೊಂಡಾರ್ರಿ?" ಎಂದು ಕಾಡಸಿದ್ದ ಕೇಳಿದ.

"ಎಂಬತ್ತೆಂಟರಾಗ."

"ಮೂಗು ಸ್ವಲ್ಪ ಇಳಸ್ಲೇನ್ರಿ? ಭಾಳ ಮುಂದ ಬಂದೈತಿ."

"ಅರ್ಧಾ ಇಳಸು. ಪೂರಾ ಬ್ಯಾಡ, ಮನೆತನದ ಮೂಗದು."

ಕಾಡಸಿದ್ದ ಕಸುಬು ಬಲ್ಲವನು. ಮೂಗು ಇಳಿಸಿದ, ಕಿವಿ ಸರಿ ಮಾಡಿದ, ಕೆನ್ನೆಗೆ ಬಣ್ಣ ಹಚ್ಚಿದ, ಕರಿ ಕೋಟು ತೊಡಿಸಿದ, ಹಿಂದೆ ನೀಲಿ ಪರದೆ ಇಳಿಬಿಟ್ಟ. ಕೆಳಗೆ 'ದಿ. ಪಾಯಪ್ಪ ಮಗದುಮ್, ಸ್ವರ್ಗವಾಸ 1988' ಎಂದು ಅಚ್ಚು ಹಾಕಿ, ಕಟ್ಟು ಕಟ್ಟಿ, ಗಂಧದ ಹಾರ ತೊಡಿಸಿಯೇ ಕೈಗೆ ಕೊಟ್ಟ. ಹಾರವಿಲ್ಲದ ಹಿರಿಯರನ್ನು ಅವನ ಅಂಗಡಿಯಿಂದ ಹೊರಗೆ ಬಿಡುವ ಪದ್ಧತಿ ಇಲ್ಲ.

ಮೊಳೆಗೆ ಕೊನೆಗೂ ಕೆಲಸ ಸಿಕ್ಕಿತು. ಲಕ್ಷ್ಮಿಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದರು. "ಯಾರಿವರು?"

"ನಮ್ಮಪ್ಪ."

"ಹನ್ನೊಂದ ವರ್ಷ ನಾ ಅವರಿಗೆ ಊಟಕ್ಕ ಬಡಿಸೇನಿ. ಮಾವನವರಿಗೆ ಮೀಸಿ ಇದ್ದಿಲ್ಲ."

"ಹೋದ ಮ್ಯಾಲ ಬಿಟ್ಟಿರಬೇಕು."

ರೂಪಾಲಿ ಒಂದು ಸಲ ನೋಡಿದ್ದೇ ಗುರುತಿಸಿದಳು. "ಅಪ್ಪಾ, ಇದು ಹುಳಿಮಜ್ಜಿಗಿ ಪುಸ್ತಕದಾಗಿನ ಮುಖ ಅಲ್ಲೇನ?" "ಅಜ್ಜಗ ಹಂಗ ಅನ್ನಬಾರದು," ಎಂದು ಆಬಾಸಾಹೇಬರು ಗದರಿದರು.

ಅಷ್ಟರಲ್ಲಿ ನೆರೆಮನೆಯ ಅಕ್ಕವ್ವ ಬಂದಳು. ಎಂಬತ್ತರ ಹತ್ತಿರದ ಮುದುಕಿ, ಪಾಯಪ್ಪನವರನ್ನು ಕಂಡು ಬಲ್ಲವಳು. ಅಕ್ಕವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, ಕಣ್ಣೀರು ತಂದುಕೊಂಡಳು. "ಅಗದಿ ಅವರಂಗs ಅದಾರ ನೋಡ. ಆ ಮೀಸಿ ತಿರುವಿದ್ರಂದ್ರ ಓಣಿಯೆಲ್ಲಾ ಗಪ್ಪ ಆಗ್ತಿತ್ತು." ಅಂದ ಮೇಲೆ ಮುಗಿಯಿತು. ಎರಡು ದಿನದಲ್ಲಿ ಓಣಿಯವರೆಲ್ಲರಿಗೂ ಪಾಯಪ್ಪನವರ ಮೀಸೆ ನೆನಪಾಯಿತು. ನಾಲ್ಕನೆಯ ದಿನ ಆಬಾಸಾಹೇಬರು ಸ್ನಾನ ಮಾಡಿ ಬಂದು ಚಿತ್ರಕ್ಕೆ ಕೈ ಮುಗಿಯುವಾಗ ಅವರಿಗೇ ತಂದೆಯ ನೆನಪು ಬಂದುಬಿಟ್ಟಿತು.

ಅಥಣಿಯವರು ಭಾನುವಾರ ಇಳಿಹೊತ್ತಿಗೆ ಬಂದರು. ಸುಜಯ, ಅವನ ತಂದೆ ಭರಮಪ್ಪ, ಮತ್ತು ಅಜ್ಜ ನೇಮಣ್ಣ. ಅಜ್ಜನಿಗೆ ಎಪ್ಪತ್ತೆಂಟು ವರ್ಷ, ಬೋಳುತಲೆ, ನುಣ್ಣನೆಯ ಮುಖ, ಕೈಯಲ್ಲಿ ಬೆಳ್ಳಿಕಟ್ಟಿನ ಕೋಲು. ಜೈನರಾದ ಎರಡೂ ಮನೆಯವರು ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲವಾದ್ದರಿಂದ ಲಕ್ಷ್ಮಿಬಾಯಿ ನಾಲ್ಕು ಗಂಟೆಗೇ ಹೋಳಿಗೆ ಮುಗಿಸಿದ್ದರು. ಪಾವಣ್ಯಾರು ಉಂಡರೆ ಸೋಯರಿಕೆ ಕೂಡಿತೆಂದು ಲೆಕ್ಕ. ಉಣ್ಣದೆ ಎದ್ದರೆ ಆ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು.

ನೇಮಣ್ಣನವರನ್ನು ಗೋಡೆಗೆ ಸರಿಯಾಗಿ ಎದುರಾಗುವ ಕುರ್ಚಿಯಲ್ಲಿ ಕೂಡಿಸಿದ್ದು ಆಬಾಸಾಹೇಬರೇ. ಮುದುಕರು ಮೂಗಿನ ಮೇಲೆ ಚಾಳೀಸು ಏರಿಸಿ ಗೋಡೆ ನೋಡಿದರು, ಇಳಿಸಿದರು, ಒರೆಸಿದರು, ಮತ್ತೆ ಏರಿಸಿ ನೋಡಿದರು.

"ಇವರ ಯಾರ್ರಿ?"

"ನಮ್ಮ ತಂದಿಯವರ್ರಿ." ಆಬಾಸಾಹೇಬರು ಎದೆಯ ಮೇಲೆ ಕೈ ಇಟ್ಟುಕೊಂಡರು.

"ತೀರ್ಕೊಂಡಾರ?"

"ಇಪ್ಪತ್ಮೂರ ವರ್ಷಾತ್ರಿ."

ನೇಮಣ್ಣನವರು ಮನಸ್ಸಿನಲ್ಲಿ ಏನೋ ಎಣಿಸಿದರು. "ಹೋಗೂಮುಂದ ತ್ರಾಸ ಏನರ ಆತ?"

"ಏನೇನೂ ಇಲ್ರಿ. ಕುರ್ಚಿ ಮ್ಯಾಲ ಕುಂತ, ಹಿಂಗ ಚಹಾ ಕುಡಿಯಾಕತ್ತಿದ್ರು. ಕುಡಕೋತs ಹೋದ್ರು."

ಬಂದ ಕೂಡಲೆ ಕೊಟ್ಟಿದ್ದ ಚಹಾದ ಬಶಿಯನ್ನು ಬಾಯಿಯ ಹತ್ತಿರ ಒಯ್ದಿದ್ದ ನೇಮಣ್ಣನವರು ಅದನ್ನು ಮೆಲ್ಲಗೆ ಕೆಳಗಿಟ್ಟರು. ಲಕ್ಷ್ಮಿಬಾಯಿ ಒಳಬಾಗಿಲಿನಿಂದ ಕಣ್ಣು ಕೆಕ್ಕರಿಸಿದರು. ಆದರೆ ಅವರು ಬೇಡವೆಂದಿದ್ದು ಪುಸ್ತಕದ ಮಾತು. ತಂದೆಯ ಮಾತಿಗೆ ಬಂಧನವಿರಲಿಲ್ಲ. ಆಬಾಸಾಹೇಬರಿಗೆ ಮಾತಿನ ಹದ ಸಿಕ್ಕಿಬಿಟ್ಟಿತ್ತು.

"ಮನಶ್ಯಾ ಹೆಂಗಿದ್ದರು?" ಮುದುಕರು ಮುಂದಕ್ಕೆ ಬಾಗಿದರು. ಇಷ್ಟು ಆಸಕ್ತಿಯಿಂದ ಆಬಾಸಾಹೇಬರನ್ನು ಯಾರೂ ಈವರೆಗೆ ಕೇಳಿರಲಿಲ್ಲ.

"ಅವರಂಥವರು ಇನ್ನ ಹುಟ್ಟೂದಿಲ್ರಿ," ಎಂದ ಆಬಾಸಾಹೇಬರಿಗೆ ಮುಂದೆ ಏನು ಹೇಳಬೇಕೋ ತಿಳಿಯದೆ, ವಾರದಿಂದ ಕಣ್ಣ ಮುಂದೆ ಕುಣಿಯುತ್ತಿದ್ದ ಚಿತ್ರದ ಉಳಿದರ್ಧ ಸಹಾಯಕ್ಕೆ ಬಂತು. "ಎಪ್ಪತ್ತನಾಕರಾಗ ಸಕ್ಕರಿ ಸಿಗತಿದ್ದಿಲ್ಲ ನೋಡ್ರಿ. ಸುತ್ತೂ ಕಬ್ಬು, ಚಹಾಕ್ಕ ಬೆಲ್ಲ. ಅಂಥಾ ಹೊತ್ತಿನ್ಯಾಗ ನಮ್ಮಪ್ಪ ಚೀಲಗಟ್ಟಲೆ ಸಕ್ಕರಿ ತಂದು ಮಂದಿಗೆ ಹಂಚಿದ್ರು. ತಕ್ಕಡಿ ಹಿಡದ್ರಂದ್ರ ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮಿ ಇಲ್ಲ."

"ಖರೇನ?"

"ಅಕ್ಕವ್ವನ್ನ ಕೇಳ್ರಿ."

ಕನ್ಯೆ ನೋಡುವ ಸಂಭ್ರಮ ಬಿಡಬಾರದೆಂದು ಬಂದು ಮೂಲೆಯಲ್ಲಿ ಕೂತಿದ್ದ ಅಕ್ಕವ್ವ, "ನನಗs ಎರಡ ಸೇರ ಹೆಚ್ಚಿಗಿ ಹಾಕಿದ್ರು," ಎಂದು ಕಣ್ಣೊರೆಸಿಕೊಂಡಳು.

ನೇಮಣ್ಣನವರು ಎದ್ದರು. ಕೋಲೂರುತ್ತ ಗೋಡೆಯವರೆಗೆ ಹೋಗಿ ಚಿತ್ರವನ್ನು ಮೊಳೆಯಿಂದ ಇಳಿಸಿದರು. ಹಾರವನ್ನು ಪಕ್ಕಕ್ಕೆ ಸರಿಸಿ, ಅದನ್ನು ತಮ್ಮ ಮುಖದ ಪಕ್ಕಕ್ಕೆ ಹಿಡಿದು, ಮೂಗಿನ ಕೆಳಗೆ ಬೆರಳು ಅಡ್ಡ ಇಟ್ಟುಕೊಂಡು ಎಲ್ಲರ ಕಡೆ ತಿರುಗಿದರು. ಎರಡು ಕಡೆಯೂ ಅದೇ ಗಲ್ಲ, ಅದೇ ಕಣ್ಣು. ಎರಡು ಎಡಹುಬ್ಬುಗಳ ಮೇಲೆ ಒಂದೊಂದು ನರೂಲಿ. ಅರ್ಧ ಇಳಿಸಿದ್ದ ಮೂಗು ಕೂಡ ಸರಿಯಾಗಿ ಹೊಂದಿತು.

ಮೊದಲು ಬಾಯಿ ಬಿಟ್ಟವರು ಭರಮಪ್ಪ. "ಅಪ್ಪಾ, ಇದು ನೀವು." ಆಮೇಲೆ ಗಂಧದ ಹಾರ ಕಣ್ಣಿಗೆ ಬಿದ್ದು ಮುಖ ಕೆಂಪಾಯಿತು. "ಬದುಕಿದ್ದ ಮನಶ್ಯಾಗ ಹಾರಾ? ತಾರೀಖು ಬ್ಯಾರೆ ಬರಸ್ಯಾರ. ಅಪಶಕುನ ಅಂದ್ರ ಇದಕ್ಕಿಂತ ಇನ್ನೇನ ಬೇಕ್ರಿ? ಸುಜಯಾ, ಗಾಡಿ ತಗಿ."

ಸುಜಯ ಎದ್ದು ನಿಂತ, ಆದರೆ ಗಾಡಿಯ ಕಡೆ ಹೋಗಲಿಲ್ಲ. ಒಳಗೆ ರೂಪಾಲಿ ತಾನು ಹಿಡಿದು ಬರಬೇಕಿದ್ದ ಎರಡನೆಯ ಚಹಾದ ತಟ್ಟೆಯನ್ನು ಇಟ್ಟುಬಿಟ್ಟ ಸದ್ದು ಕೇಳಿತು. ಇಂಥ ಹೊತ್ತಿನಲ್ಲಿ ಜಾಣನಾದವನು ಸುಮ್ಮನೆ ಕಾಲು ಹಿಡಿಯುತ್ತಾನೆ. ಆಬಾಸಾಹೇಬರು ಪುರಾವೆ ತರಲು ಹೋದರು. ಮುದುಕರನ್ನು ತಾವು ಬೇಕೆಂದು ಸಾಯಿಸಿದ್ದಲ್ಲ, ಪುಸ್ತಕದಿಂದ ಕತ್ತರಿಸಿಕೊಂಡದ್ದು ಎಂದು ತೋರಿಸಿದರೆ ಎಲ್ಲ ತಿಳಿಯಾಗುತ್ತದೆಂದು ಅವರ ಎಣಿಕೆ. ಒಳಗಿನಿಂದ ಎಪ್ಪತ್ತನಾಲ್ಕರ ಸಂಚಿಕೆಯನ್ನು ತಂದು ಎಲ್ಲರ ಎದುರು ಬಿಡಿಸಿ ಹಿಡಿದರು. ತಲೆ ಇದ್ದ ಜಾಗದಲ್ಲಿ ದೊಡ್ಡ ತೂತು. ಕೆಳಗೆ ಸಣ್ಣ ದೇಹ, ಚೀಲಗಳ ರಾಶಿ, ತಕ್ಕಡಿಯ ಮೇಲೆ ಹೆಬ್ಬೆರಳು.

ಭರಮಪ್ಪ ಕೆಳಗಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. "ಸಕ್ಕರೆಯೇ? ನಿನ್ನೆಯೇ ಮುಗಿಯಿತಲ್ಲ." ಓದಿ ಮುಗಿಸುವಷ್ಟರಲ್ಲಿ ಅವರಿಗೆ ಅರ್ಥವಾಯಿತು. ಸತ್ತವನೆಂದದ್ದು ಸಾಲದೆಂದು ಈಗ ಕಳ್ಳನೆಂದೂ ಆಯಿತು.

"ತಪ್ಪ ತಿಳಕೋಬ್ಯಾಡ್ರಿ," ಎಂದು ಆಬಾಸಾಹೇಬರು ಬೆವರು ಒರೆಸಿಕೊಂಡರು. ಒರೆಸಿಕೊಂಡು ಸುಮ್ಮನಿರಬೇಕಿತ್ತು. ಆದರೆ ಕೈಯಲ್ಲಿ ಪುಸ್ತಕವಿತ್ತು, ಎದುರಿಗೆ ನಾಲ್ಕು ಜನರಿದ್ದರು, ಚಿತ್ರ ಯಾರಿಗೂ ತಿಳಿದಿರಲಿಲ್ಲ. ಮೂವತ್ತು ವರ್ಷದ ಚಾಳಿ ಬಾಯಿಗೆ ಬಂದೇಬಿಟ್ಟಿತು. "ಇದನ್ನ ಆಗಿನ ಕಾಲಕ್ಕ ಇಟ್ಟ ನೋಡಬೇಕ್ರಿ. ಆಗ ಸಕ್ಕರಿ ರೇಷನ್ನಿನ್ಯಾಗ ಅಷ್ಟ ಸಿಗತಿತ್ತು. ಮದವಿ ಮನಿಯವರು ಸುದ್ದಾ ಅರ್ಜಿ ಹಿಡಕೊಂಡ ತಿರಗತಿದ್ರು. ಇದರಾಗಿನ ಹಾಸ್ಯ ಎಲ್ಲೈತಿ ಅಂದ್ರ, ಚೀಲದಾಗಿಲ್ರಿ, ಮಾತಿನ್ಯಾಗಿಲ್ರಿ. ಹೆಬ್ಬಟ್ಟಿನ್ಯಾಗ ಐತಿ."

"ಎಲ್ಲೈತಿ ಅಂದ್ರಿ?" ನೇಮಣ್ಣನವರು ಕೇಳಿದರು.

"ಹೆಬ್ಬಟ್ಟಿನ್ಯಾಗ್ರಿ. ತಕ್ಕಡಿ ಮ್ಯಾಲ ಊರ್ಯಾನ ನೋಡ್ರಿ."

ನೇಮಣ್ಣನವರು ತಮ್ಮ ಬಲಗೈಯ ಹೆಬ್ಬೆರಳನ್ನು ಮುಖದ ಹತ್ತಿರ ತಂದು ಮುಂದೆ ಹಿಂದೆ ತಿರುಗಿಸಿ ನೋಡಿಕೊಂಡರು. ಭರಮಪ್ಪ ಚಪ್ಪಲಿ ಹುಡುಕಲು ಹೊರಟರು. ಆಗ ಲಕ್ಷ್ಮಿಬಾಯಿ ಎರಡೂ ಕೈಯಲ್ಲಿ ತಾಟು ಹಿಡಿದು ಹೊರಗೆ ಬಂದು, ಬಾಗಿಲಿಗೆ ಅಡ್ಡವಾಗಿಯೇ ನಿಂತರು.

"ಹೊತ್ತ ಮುಳಗಾಕ ಬಂದೈತ್ರಿ. ಮೊದಲ ಉಣ್ರಿ. ಮುರಿಯೂದಿದ್ರ ಉಂಡ ಮ್ಯಾಲ ಮುರೀರಿ. ಇವರ ತಪ್ಪಿಗೆ ನನ್ನ ಹೋಳಿಗಿ ಏನ ಮಾಡ್ಯಾವು?"

ಬೆಳಿಗ್ಗೆಯಿಂದ ಒಲೆಯ ಮುಂದೆ ಕೂತ ಹೆಂಗಸು, ಮಗಳ ಮುಖ ನೋಡಿಬಂದ ತಾಯಿ. ಅಷ್ಟರಲ್ಲಿ ನೇಮಣ್ಣನವರ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೆಂದು ಸುಜಯ ಓಡಿಬಂದು ಹಿಡಿದುಕೊಂಡ. ಮುದುಕರು ನಗುತ್ತಿದ್ದರು.

"ಕುಂದರಪಾ ಭರಮಾ," ಎಂದರು, ತಾವೂ ಕೂತರು. "ನೀ ಆಗ ಸಣ್ಣಾಂವ. ಅಥಣ್ಯಾಗ ರೇಷನ್ ಅಂಗಡಿ ನಮ್ಮದs. ಹೆಗಲಿಗೆ ಚೀಲ ಹಾಕ್ಕೊಂಡ ಒಬ್ಬಾಂವ, ಮಗನ್ನ ತೊಟ್ಟಲದಾಗ ಹಾಕೋದೈತಿ, ಒಂದ ಪಾವ ಸಕ್ಕರಿ ಕೊಡ್ರಿ ಅಂದ. ಚೀಲದ ಮ್ಯಾಲ ಕುಂತs ಇಲ್ಲ ಅಂದೆ. ಅಂವ ಸಿಟ್ಟೂ ಮಾಡಲಿಲ್ಲ, ನನ್ನ ಮಾರಿ ಅಷ್ಟ ನೋಡಿ ಹೋದ. ಮುಂದಿನ ತಿಂಗಳ ಈ ಪುಸ್ತಕ ಬಂತು."

ಆಮೇಲೆ ಅವರು ಹೇಳಿದ್ದು ಇಷ್ಟು. ಬಸ್ ಸ್ಟ್ಯಾಂಡಿನ ಅಂಗಡಿಗೆ ಬಂದಿದ್ದ ಇಪ್ಪತ್ತು ಪ್ರತಿಗಳನ್ನೂ ನೇಮಣ್ಣನವರು ಒಬ್ಬರೇ ಕೊಂಡು, ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿದರು. ಅಥಣಿಯ ಜನ ಪತ್ರಿಕೆಯನ್ನು ಬಹಳ ಮೆಚ್ಚಿದ್ದಾರೆಂದು ತಿಳಿದು ಪತ್ರಿಕೆಯವರು ಮರುತಿಂಗಳು ನಲವತ್ತು ಕಳಿಸಿದರು. ತಮ್ಮ ಚಿತ್ರ ಮತ್ತೆ ಬಂದಿದ್ದರೆ ಎಂಬ ಹೆದರಿಕೆಗೆ ಅವನ್ನೂ ಕೊಂಡರು. ಅದರ ಮುಂದಿನ ತಿಂಗಳು ಎಂಬತ್ತು ಬಂದವು. ಸುಡುವ ಮೊದಲು ತಮ್ಮ ಚಿತ್ರವಿದೆಯೇ ಎಂದು ನೋಡುತ್ತ ನೋಡುತ್ತ ಉಳಿದವರ ಚಿತ್ರಗಳಿಗೆ ನಗುವುದು ರೂಢಿಯಾಯಿತು. ಪತ್ರಿಕೆ ನಿಲ್ಲುವವರೆಗೂ ಅವರು ಅದರ ಚಂದಾದಾರರಾಗಿದ್ದರು. ತಮ್ಮ ಚಿತ್ರವಿದ್ದ ಒಂದು ಸಂಚಿಕೆ ಮಾತ್ರ ಅವರ ಹತ್ತಿರ ಇರಲಿಲ್ಲ.

"ಒಂದರ ಉಳಿಸಿಕೋಬೇಕಾಗಿತ್ತು," ಎಂದರು ಮುದುಕರು. "ನನ್ನ ಹರೇದಾಗಿನ ಚಿತ್ರ ಅದೊಂದs."

"ನಮಗ ಹೇಳಲೇ ಇಲ್ಲಲ್ರಿ ಅಪ್ಪಾ."

"ಏನಂತ ಹೇಳಲಿ? ಪುಸ್ತಕ ಸುಟ್ಟ ದಿವಸನs ಮೀಸಿ ಬೋಳಿಸಿದೆ. ತಕ್ಕಡಿ ಒಳಗಿಂದ ತಗದು ಬೀದಿ ಕಡೆ ತೂಗಹಾಕಿದೆ. ಆಮ್ಯಾಲ ಹೆಬ್ಬಟ್ಟ ಊರಾಕ ಧೈರ್ಯಾನೂ ಆಗಲಿಲ್ಲ." ಅವರು ಸರಿಸಿದ್ದ ಗಂಧದ ಹಾರವನ್ನು ಮತ್ತೆ ಚಿತ್ರದ ನಡುವಿಗೆ ಎಳೆದು ಸರಿಮಾಡಿದರು. "ಹಾರ ಹಾಕಿದ್ದು ಬರೋಬ್ಬರಿ ಐತ್ರಿ ಪಾವಣ್ಯಾರ. ಈ ಮೀಸಿಯಂವ ಖರೇನs ಸತ್ತಾನ. ತಾರೀಖ ಅಷ್ಟ ತಪ್ಪೈತಿ. ಎಂಬತ್ತೆಂಟ ಅಲ್ಲ, ಎಪ್ಪತ್ತನಾಕು."

ಆಬಾಸಾಹೇಬರಿಗೆ ಅಳು ಬಂತು, ನಗುವೂ ಬಂತು. ಅವರು ಮುದುಕರ ಕಾಲು ಮುಟ್ಟಿದರು. ಲಕ್ಷ್ಮಿಬಾಯಿ ತಾಟು ಇಟ್ಟರು. ಕಿಟಕಿಯಲ್ಲಿ ಇನ್ನೂ ಒಂದು ಗೇಣು ಬಿಸಿಲಿತ್ತು. ರೂಪಾಲಿ ಬಡಿಸಲು ಬಂದಾಗ ಸುಜಯ ತಲೆ ತಗ್ಗಿಸಿಯೇ ನಗುತ್ತಿದ್ದ. ವೈದ್ಯರು ಹತ್ತು ವರ್ಷದಿಂದ ಸಿಹಿ ಮುಟ್ಟಬೇಡಿ ಎಂದಿದ್ದರೂ ನೇಮಣ್ಣನವರು ತಾಟು ಮುಂದೆ ಹಿಡಿದರು. "ನನಗೂ ಒಂದ ಹಾಕವಾ. ಸಕ್ಕರಿ ಇಲ್ಲ ಅಂತ ಭಾಳ ಮಂದಿಗೆ ಹೇಳೇನಿ, ನನಗ ನಾನs ಹೇಳಿಕೊಳ್ಳಾಕ ಬ್ಯಾಸರಾಗೈತಿ." ಅವರು ಅರ್ಧ ಹೋಳಿಗೆ ತಿಂದರು, ಉಳಿದರ್ಧವನ್ನು ಭರಮಪ್ಪ ಕಿತ್ತುಕೊಂಡರು.

ಮೇ ತಿಂಗಳಲ್ಲಿ ಮದುವೆಯಾಯಿತು. ಕಾಡಸಿದ್ದನಿಗೆ ಮತ್ತೊಂದು ಕೆಲಸ ಬಂತು. ಕೋಟು ಕಳಚಿ, ಮೂಗು ಮೊದಲಿನಷ್ಟೇ ಏರಿಸಿ, ತಲೆಯನ್ನು ಸಣ್ಣ ದೇಹಕ್ಕೆ ಕೂಡಿಸಿ, ಚೀಲ, ತಕ್ಕಡಿ, ಹೆಬ್ಬೆರಳು ಎಲ್ಲವೂ ಕಾಣುವಂತೆ ಅವನು ಕಟ್ಟು ಹಾಕಿಕೊಟ್ಟ. ಅದು ಈಗ ಅಥಣಿಯ ಮನೆಯ ಪಡಸಾಲೆಯಲ್ಲಿದೆ. ಬಂದವರಿಗೆಲ್ಲ ಅದರ ಹಾಸ್ಯ ಎಲ್ಲಿದೆ ಎಂದು ನೇಮಣ್ಣನವರೇ ಹೆಬ್ಬೆರಳೆತ್ತಿ ತೋರಿಸುತ್ತಾರೆ. ಆಬಾಸಾಹೇಬರು ಹೋದಾಗ ಇಬ್ಬರೂ ಕೂಡಿ ಇಡೀ 'ಹುಳಿಮಜ್ಜಿಗೆ'ಯ ಗಂಟು ಬಿಚ್ಚಿ ಕೂಡುತ್ತಾರೆ, ಮನೆಯವರು ಎದ್ದು ಹೊರಗೆ ಹೋಗುತ್ತಾರೆ.

ಕಬ್ಬೂರಿನ ಮೊಳೆ ಮತ್ತೆ ಖಾಲಿಯಾಗಿತ್ತು. ಆಬಾಸಾಹೇಬರು ನಾಲ್ಕು ದಿನ ಅದನ್ನು ನೋಡಿದರು. ಐದನೆಯ ದಿನ ಟ್ರಂಕಿನ ತಳದಿಂದ ಮದುವೆಯ ಹಳೆಯ ಫೋಟೋ ತೆಗೆದು, ಒರೆಸಿ, ತೂಗುಹಾಕಿದರು. ರುಮಾಲು, ಬೆನ್ನು, ಎತ್ತಿದ ಬಡಿಗೆ, ತೋರಣ ಜಗಿಯುವ ಎಮ್ಮೆ. ಗಂಧದ ಹಾರವನ್ನು ಲಕ್ಷ್ಮಿಬಾಯಿಯೇ ತಂದು ಹಾಕಿದರು.

ಸಂಜೆ ಅಕ್ಕವ್ವ ಬಂದಳು. ಮೀಸೆ ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಬೆನ್ನನ್ನು ನೋಡಿದಳು, ಬಡಿಗೆಯನ್ನು ನೋಡಿದಳು. ಈ ಸಲ ಅವಳು ಅಳಲಿಲ್ಲ, ಸೆರಗು ಬಾಯಿಗೆ ಹಿಡಿದು ನಕ್ಕಳು.

"ಎಮ್ಮಿ ನಂದು," ಎಂದಳು. "ನಿಮ್ಮಪ್ಪ ಅವತ್ತ ಅದಕ್ಕ ಹೊಡೀಲಿಲ್ಲ. ಬಡಗಿ ಎತ್ತಿದಾಂವ, ಹೊಟ್ಯಾಗ ಕರಾ ಐತಿ, ತಿನ್ನಲಿ ಬಿಡು ಅಂದ."

ಇದೂ ಮೀಸೆಯಂಥದೇ ನೆನಪೋ ಎಂದು ಆಬಾಸಾಹೇಬರು ಅಕ್ಕವ್ವನ ಮುಖ ನೋಡಿದರು, ಆಮೇಲೆ ಲಕ್ಷ್ಮಿಬಾಯಿಯ ಕಡೆ ತಿರುಗಿದರು. ಆ ದಿನ ಬಾಸಿಂಗ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದ ಲಕ್ಷ್ಮಿಬಾಯಿ ಹೌದೆಂದು ತಲೆಯಾಡಿಸಿದರು.